ಯೂನಿವರ್ಸಲ್ ಜಾಯಿಂಟಿಗೆ ಕುಂಕುಮ

ಉಣ್ಣುವಾಗ ಮಾತಾಡಬಾರದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಬಾಯಲ್ಲಿ ಅನ್ನ ಇರುವಾಗ ಹೊರಬಿದ್ದ ಮಾತನ್ನು ವಾಪಸು ನುಂಗಲಿಕ್ಕೆ ಅಲ್ಲಿ ಜಾಗ ಇರುವುದಿಲ್ಲ. ಹಯಗ್ರೀವ ಕೆದ್ಲಾಯರಿಗೆ ಈ ಸತ್ಯ ಗೊತ್ತಾದದ್ದು ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಡೊಂಬಿವಲಿಯ ಒಂದು ಹಾಲ್‌ನಲ್ಲಿ, ಯಾರದೋ ಮಗನ ಉಪನಯನದ ಎರಡನೆಯ ಪಂಕ್ತಿಯಲ್ಲಿ, ಪಾಯಸ ಬಡಿಸುವ ಹೊತ್ತಿಗೆ.

ಕೆದ್ಲಾಯರು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಸ್ಕ್ರೂ ಕನ್ವೇಯರ್ ತಯಾರಿಸುವ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಸ್ಕ್ರೂ ಕನ್ವೇಯರ್ ಅಂದರೆ ಉದ್ದದ ಕೊಳವೆ, ಅದರೊಳಗೆ ತಿರುಗುವ ದೊಡ್ಡದೊಂದು ತಿರುಪು. ಈ ತುದಿಯಲ್ಲಿ ಹಿಟ್ಟೋ ಪುಡಿಯೋ ಸುರಿದರೆ ನೂಕಿಕೊಂಡು ಹೋಗಿ ಆ ತುದಿಯಲ್ಲಿ ಬೀಳಿಸುತ್ತದೆ. ಕೆದ್ಲಾಯರದ್ದು ಡಿಸ್ಪ್ಯಾಚ್ ವಿಭಾಗ. ಯಾರೋ ಮಾಡಿದ್ದನ್ನು ಇವರು ಪೆಟ್ಟಿಗೆಗೆ ತುಂಬಿಸಿ, ಮೊಳೆ ಹೊಡೆಸಿ, ಚೀಟಿ ಅಂಟಿಸಿ ಲಾರಿ ಹತ್ತಿಸುತ್ತಾರೆ. ಒಂದೊಂದು ಭಾಗದ ಹೆಸರೂ ಅವರಿಗೆ ಬಾಯಿಪಾಠ. ಅದು ಏನು ಮಾಡುತ್ತದೆ ಎಂದು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ.

ಆ ದಿನ ಎದುರಿನ ಸಾಲಿನಲ್ಲಿ ಕೂತಿದ್ದವಳು ವಾರಿಜಾ, ಹೆಂಡತಿ ಶ್ರೀಮತಿಯ ತಂಗಿ. ಗಂಡ ಕಲ್ಯಾಣದಲ್ಲಿ ಹೋಟೆಲು ನೋಡಿಕೊಳ್ಳುತ್ತಾನೆ. ಇವಳು ಕೋಪರಖೈರಣೆಯ ಹತ್ತಿರ ಕಾರ್ಖಾನೆಗಳ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಗಾಳಾ ಎನ್ನುವ ಬಾಡಿಗೆ ಕೋಣೆ ಹಿಡಿದು, ಎಂಟು ಹೆಂಗಸರನ್ನು ಇಟ್ಟುಕೊಂಡು ಸಾರಿನ ಪುಡಿ ಮಾಡಿಸುತ್ತಾಳೆ. ಭಾವ ಇಪ್ಪತ್ತೆರಡು ವರ್ಷದಿಂದ ಯಾವುದೋ ಕಂಪನಿಯಲ್ಲಿದ್ದಾರೆ ಎಂದಷ್ಟೇ ಅವಳಿಗೆ ಗೊತ್ತು. ವಾರಿಜಾ ಮಾತಾಡಿದರೆ ಮೂರು ಸಾಲಿಗೆ ಕೇಳುತ್ತದೆ.

"ನನ್ನ ಕನ್ವೇಯರ್ ನಡುಗಿ ನಡುಗಿ ಗೋಡೆ ಬಿರುಕು ಬಿಡುದೊಂದು ಬಾಕಿ ಮಾರಾಯ್ರೆ," ಎಂದಳು. "ಕೆಳಗಿನ ಗಾಳಾದವ ಕಂಪ್ಲೇಂಟ್ ಕೊಟ್ಟಿದ್ದಾನೆ. ಬರುವ ಸೋಮವಾರದೊಳಗೆ ಸರಿಯಾಗದಿದ್ರೆ ಮೆಷಿನಿಗೆ ಸೀಲ್ ಹಾಕ್ತಾರಂತೆ. ನವರಾತ್ರಿಗೆ ನಾಲ್ಕುನೂರು ಕಿಲೋ ಪುಡಿ ಒಪ್ಪಿಕೊಂಡಿದ್ದೇನೆ. ಎಂಟು ಹೆಂಗಸರಿಗೆ ನಾನು ಎಂತ ಹೇಳುದು?"

ಕೆದ್ಲಾಯರು ಗೋಧಿಕಡಿ ಪಾಯಸವನ್ನು ಬಾಯಿಗೆ ಸುರಿದುಕೊಳ್ಳುತ್ತ, ಬಿಸಿಲಿಗೆ ಕೊಡೆ ಹಿಡಿ ಎನ್ನುವಷ್ಟು ಸಲೀಸಾಗಿ ಹೇಳಿಬಿಟ್ಟರು: "ಅದಕ್ಕೆಂತ? ಒಂದು ಯೂನಿವರ್ಸಲ್ ಜಾಯಿಂಟ್ ಹಾಕಿದ್ರೆ ಆಯ್ತು."

ಬಡಿಸುವವನ ಸೌಟು ಗಾಳಿಯಲ್ಲಿ ನಿಂತಿತು. ಊರು ಉಡುಪಿಯಿಂದ ಬಂದು ಕೊನೆಯ ಎಲೆಗೆ ಕೂತಿದ್ದ ಅಜ್ಜನೊಬ್ಬ, "ಓಹೋ, ಇವರು ಎಂಜಿನಿಯರಾ? ಇಷ್ಟು ವರ್ಷ ಹೇಳ್ಲೇ ಇಲ್ಲ ನೋಡಿ! ದೊಡ್ಡವರು ಅಂದ್ರೆ ಹೀಗೆ," ಎಂದು ಕೊಂಡಾಡಿದ. "ಅಲ್ಲ" ಎನ್ನಲು ಕೆದ್ಲಾಯರು ಬಾಯಿ ತೆರೆಯಬೇಕಿತ್ತು. ಆದರೆ ಬಾಯಲ್ಲಿದ್ದ ಪಾಯಸ ಸುಡು ಸುಡು ಅನ್ನುತ್ತಿತ್ತು. ಅದನ್ನು ಆ ದವಡೆಗೂ ಈ ದವಡೆಗೂ ಹೊರಳಿಸಿ ನುಂಗಿ ಮುಗಿಸುವಷ್ಟರಲ್ಲಿ ವಾರಿಜಾ ಘೋಷಿಸಿಯಾಗಿತ್ತು: "ಹಾಗಾದ್ರೆ ನೀವೇ ಬಂದು ಹಾಕಿಕೊಡಿ ಭಾವ. ಮನೆಯಲ್ಲೇ ಎಂಜಿನಿಯರ್ ಇಟ್ಕೊಂಡು ನಾನು ಊರೆಲ್ಲ ಹುಡುಕಿದ್ದು!"

ಮಗಳು ತನ್ವಿ ತಂದೆಯ ಕಿವಿಯ ಹತ್ತಿರ ಬಗ್ಗಿ, "ಪಪ್ಪಾ, ಆಪ್ ಇಂಜಿನಿಯರ್ ಕಬ್ ಬನೇ?" ಎಂದು ಕೇಳಿದಳು, ತಂದೆ ಎಂಜಿನಿಯರ್ ಆದದ್ದು ಯಾವಾಗ ಎಂದು. "ಸುಮ್ಮನೆ ಊಟ ಮಾಡು," ಎಂದರು ಕೆದ್ಲಾಯರು.

ಮನೆಗೆ ಬರುವ ರಿಕ್ಷಾದಲ್ಲಿ ಶ್ರೀಮತಿ, "ಈಗಲೇ ಫೋನ್ ಮಾಡಿ ನಿಜ ಹೇಳಿಬಿಡಿ," ಎಂದಳು. ನಾಳೆ ಹೇಳುತ್ತೇನೆ ಎಂದರು. ಆದರೆ ನೆಂಟರಿಷ್ಟರು ಆ ಸಂಜೆಯೇ ಎರಡು ಸಲ ಫೋನು ಮಾಡಿ "ಎಂಜಿನಿಯರ್ರೇ" ಎಂದು ಕರೆದರು. ಅದು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ನಾಳೆ ಎಂಬುದು ನಾಡಿದ್ದಿಗೆ ಹೋಯಿತು. ಅಷ್ಟಕ್ಕೂ ಜಾಯಿಂಟ್ ತಾನೆ? ತಮ್ಮ ಕೈಯಾರೆ ಸಾವಿರಾರು ಜಾಯಿಂಟುಗಳನ್ನು ಪೆಟ್ಟಿಗೆಗೆ ಹಾಕಿಸಿದ್ದಾರೆ. ಒಂದನ್ನು ಪೆಟ್ಟಿಗೆಯಿಂದ ತೆಗೆಯುವುದು ಯಾವ ಮಹಾ ವಿದ್ಯೆ?

ಬುಧವಾರ ಅರ್ಧ ದಿನ ರಜೆ ಹಾಕಿ, ಠಾಣೆಯ ಅಂಗಡಿಯೊಂದರಲ್ಲಿ ಜಾಯಿಂಟು ಕೊಂಡು ಕೋಪರಖೈರಣೆಗೆ ಹೋದರು. ವಾರಿಜಾಳ ಗಾಳಾದಲ್ಲಿ ಮಲ್ಲಿಕಾ ಎಂಬ ಹಳೆಯ ಕೆಲಸದಾಕೆ ಇದ್ದಳು, ಸ್ಪ್ಯಾನರ್ ಹಿಡಿಯಲು ಬಲ್ಲವಳು. ಕೆದ್ಲಾಯರು ಬೆನ್ನ ಹಿಂದೆ ಕೈಕಟ್ಟಿ ನಿಂತು "ಹಾಂ", "ಹೂಂ", "ಬಿಗಿ ಮಾಡಿ" ಎಂಬ ಮೂರು ಮಾತುಗಳಲ್ಲಿ ಕೆಲಸ ಮಾಡಿಸಿದರು. ಮೋಟರಿನ ದಂಡಕ್ಕೂ ತಿರುಪಿನ ದಂಡಕ್ಕೂ ನಡುವೆ ಇದ್ದ ಗಟ್ಟಿ ಜೋಡಣೆ ಹೋಗಿ, ಆಚೀಚೆ ಬಾಗುವ ಜಾಯಿಂಟು ಕೂತಿತು. ಸ್ವಿಚ್ ಹಾಕಿದರು.

ಮೊದಲು ಗಡಗಡ ಎನ್ನುತ್ತಿದ್ದ ಮೆಷಿನು ಈಗ ಧಡ್‌-ಧಡ್, ಧಡ್‌-ಧಡ್ ಎಂದು ಕುಂಟತೊಡಗಿತು.

ಎರಡೇ ನಿಮಿಷಕ್ಕೆ ಕೆಳಗಿನ ಗಾಳಾದ ಪಿಂಗುಳ್ಕರ್ ಮೆಟ್ಟಿಲು ಹತ್ತಿ ಬಂದರು. ಚಿನ್ನದ ಅಂಗಡಿಯವರ ತಕ್ಕಡಿಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಕೂದಲೆಳೆಯ ತೂಕವನ್ನೂ ಹೇಳುವ ತಕ್ಕಡಿಗಳು. ಆ ಮುಳ್ಳು ಸೊನ್ನೆಯಲ್ಲಿ ನಿಂತರೆ ಅವರಿಗೆ ಅನ್ನ. "ಅಹೋ, ಆಧೀ ಕಾಟಾ ಥರಥರತ್ ಹೋತಾ, ಆತಾ ನಾಚ್ತೋಯ್!" ಎಂದು ಹಣೆ ಬಡಿದುಕೊಂಡರು. ಮೊದಲು ಮುಳ್ಳು ಬರೀ ನಡುಗುತ್ತಿತ್ತು, ಈಗ ಕುಣಿಯುತ್ತಿದೆಯಂತೆ.

"ಹೊಸದಲ್ವಾ, ಸೆಟ್ ಆಗ್ಬೇಕು," ಎಂದು ಕೆದ್ಲಾಯರು ಗಂಭೀರವಾಗಿ ಹೇಳಿ, ಅದು ಸೆಟ್ ಆಗುವ ಮೊದಲೇ ಠಾಣೆಯ ಲೋಕಲ್ ಹಿಡಿದರು.

ಮರುದಿನ ಊಟದ ಹೊತ್ತಿಗೆ ಕಂಪನಿಯ ಫಿಟ್ಟರ್ ಸೈದಪ್ಪನ ಪಕ್ಕ ಹೋಗಿ ಕೂತರು. ಸೈದಪ್ಪ ವಿಜಯಪುರದ ಕಡೆಯವನು, ಮೂವತ್ತು ವರ್ಷದಿಂದ ಕಬ್ಬಿಣದೊಂದಿಗೆ ಬಾಳಿದವನು. ಕೆದ್ಲಾಯರು ಅತ್ತ ಇತ್ತ ನೋಡಿ, "ನನ್ನ ಸ್ನೇಹಿತ ಒಬ್ಬ ಇದ್ದಾನೆ ಸೈದಪ್ಪ. ಅವನು ಕನ್ವೇಯರಿಗೆ ಒಂದು ಯೂನಿವರ್ಸಲ್ ಜಾಯಿಂಟ್ ಹಾಕಿದನಂತೆ. ಅದು ಕುಂಟ್ತದಂತೆ," ಎಂದರು.

"ಕುಂಟದ ಏನ್ ಮಾಡತೈತ್ರಿ?" ಸೈದಪ್ಪ ರೊಟ್ಟಿ ಕೆಳಗಿಟ್ಟ. "ಓರೆ ಇದ್ದಲ್ಲಿ ಒಂದ ಜಾಯಿಂಟ್ ಹಾಕಿದ್ರ ಒಂದು ಸುತ್ತಿನ್ಯಾಗ ಎರಡು ಸಲ ಜೋರು, ಎರಡು ಸಲ ಸಾವಕಾಶ ತಿರಗತೈತಿ. ಎರಡನೇದ್ದು ಹಾಕಬೇಕ್ರಿ. ಇದು ಕುಂಟಿದ್ದನ್ನ ಅದು ಸರಿ ಮಾಡತೈತಿ. ಆದ್ರ ನಡುವಿನ ಶಾಫ್ಟಿನ ಎರಡೂ ತುದಿಗಿನ ಕವೆ ಒಂದ ದಿಕ್ಕಿಗೆ ನಿಂದರಬೇಕು. ಅದು ಅಡ್ಡ, ಇದು ಉದ್ದ ಆತಂದ್ರ ಮುಗೀತ್ರಿ, ಕುಂಟೂದು ದುಪ್ಪಟ್ಟು."

ಹೇಳಿದ್ದಷ್ಟೇ ಅಲ್ಲ. ಹಳೆಯ ಸ್ಟಾಕಿನ ಜೋಡಿ ಜಾಯಿಂಟಿಗೆ ಗೇಟ್ ಪಾಸ್ ಮಾಡಿಸಿಕೊಂಡು, ಎರಡು ದಿನದ ಊಟದ ವಿರಾಮದಲ್ಲಿ ಅಳತೆಗೆ ಸರಿಮಾಡಿಯೂ ಕೊಟ್ಟ. ನಡುವಿನ ಶಾಫ್ಟು ಎರಡು ತುಂಡು. ಹಲ್ಲಿಗೆ ಹಲ್ಲು ಸೇರಿ ಒಂದರೊಳಗೊಂದು ಕೂರುವಂಥದ್ದು. ಲೋಕಲ್ ಟ್ರೇನಿನಲ್ಲಿ ಒಯ್ಯಲು ಬೇರೆ ಮಾಡಲೇಬೇಕಿತ್ತು. ಅದಕ್ಕೇ ಎರಡೂ ತುಂಡಿಗೆ ಒಂದೊಂದು ಕೆಂಪು ಪೇಂಟಿನ ಬೊಟ್ಟು ಇಟ್ಟು, "ಬೊಟ್ಟಿಗೆ ಬೊಟ್ಟು ಹೊಂದಿಸಿ ಸೇರಸ್ರಿ ಅಂತ ನಿಮ್ಮ ಸ್ನೇಹಿತರಿಗೆ ಹೇಳ್ರಿ. ಸಣ್ಣ ಹುಡುಗ್ರೂ ಮಾಡ್ತಾವು," ಎಂದ.

ಸಣ್ಣ ಹುಡುಗರು ಖಂಡಿತ ಮಾಡುತ್ತಿದ್ದರು. ಆದರೆ ಸಣ್ಣ ಹುಡುಗರಿಗೆ ಶಾಸ್ತ್ರ ಗೊತ್ತಿರುವುದಿಲ್ಲ, ನಮ್ಮವರಿಗೆ ಗೊತ್ತು.

ಶನಿವಾರ ಬೆಳಿಗ್ಗೆ ಕೆದ್ಲಾಯರು ಎರಡು ಚೀಲದಲ್ಲಿ ಎರಡು ತುಂಡು ಹೊತ್ತು ಗಾಳಾಕ್ಕೆ ಬಂದಾಗ ವಾರಿಜಾ ರಂಗೋಲಿ ಹಾಕಿ, ತೆಂಗಿನಕಾಯಿ, ಲಿಂಬೆಹಣ್ಣು ಇಟ್ಟು ಕಾಯುತ್ತಿದ್ದಳು. "ಬುಧವಾರ ಪೂಜೆ ಮಾಡದೆ ಹಾಕಿದ್ದು. ಅದಕ್ಕೇ ಹಾಗಾದದ್ದು," ಎಂದಳು. ಆ ಮಾತಿಗೆ ಎದುರಾಡುವ ಎಂಜಿನಿಯರ್ ಉಡುಪಿ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಕೆದ್ಲಾಯರೇ ಮಂತ್ರ ಹೇಳಿದರು. ಮಂತ್ರವಾದರೂ ತಮಗೆ ಸರಿಯಾಗಿ ಗೊತ್ತಿರುವ ವಿಷಯವಾದ್ದರಿಂದ ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳಿದರು. ಕಣ್ಣು ಮುಚ್ಚಿ ಹೇಳಿದರು. ಅಷ್ಟರಲ್ಲಿ ಎಂಟು ಹೆಂಗಸರೂ ಒಬ್ಬರಾದ ಮೇಲೆ ಒಬ್ಬರು ಬಂದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಎರಡೂ ತುಂಡಿಗೆ ಭಕ್ತಿಯಿಂದ ಹಚ್ಚಿ ಹೋದರು.

ಮಂಗಳಾರತಿಯಾಗಿ ಕಣ್ಣು ತೆರೆದರೆ ಒಂದೊಂದು ತುಂಡಿನ ಸುತ್ತಲೂ ಒಂಬತ್ತೊಂಬತ್ತು ಕೆಂಪು ಬೊಟ್ಟುಗಳು ಮುದ್ದಾಗಿ ಹೊಳೆಯುತ್ತಿದ್ದವು.

ಕೆದ್ಲಾಯರು ಎರಡೂ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದರಲ್ಲಿ ಸೈದಪ್ಪನ ಬೊಟ್ಟು ಯಾವುದು? ಕರವಸ್ತ್ರದಲ್ಲಿ ಒರೆಸಿ ನೋಡೋಣ ಎಂದರೆ, ದೇವರಿಗಿಟ್ಟ ಕುಂಕುಮ ಅಳಿಸಲು ಎಂಟು ಮುತ್ತೈದೆಯರು ಬಿಡುತ್ತಾರೆಯೇ? ಫೋನು ಮಾಡಿ ಕೇಳೋಣ ಎಂದರೆ ಎದುರಿಗೇ ವಾರಿಜಾ. ಯಾವ ಎಂಜಿನಿಯರ್ ಫೋನು ಮಾಡಿ ಕೇಳುತ್ತಾನೆ? ಆ ತುಂಡಿನಲ್ಲಿ ಅತಿ ದುಂಡಗಿದ್ದ ಒಂದನ್ನೂ ಈ ತುಂಡಿನಲ್ಲಿ ಅತಿ ದುಂಡಗಿದ್ದ ಒಂದನ್ನೂ ಆರಿಸಿ, ಹೊಂದಿಸಿ ಸೇರಿಸಿದರು. ಮಲ್ಲಿಕಾ ಬೋಲ್ಟು ಬಿಗಿದಳು. ವಾರಿಜಾ ದೇವರ ಹೆಸರು ಹೇಳಿ ಸ್ವಿಚ್ ಒತ್ತಿದಳು.

ಮುಂದಿನದ್ದನ್ನು ವರ್ಣಿಸಲು ನನಗೇ ಸ್ವಲ್ಪ ಭಯ. ಕನ್ವೇಯರ್ ಮೊದಲು ಒಮ್ಮೆ ಸೀನಿತು. ಆಮೇಲೆ ಇಡೀ ಮೈ ಕೊಡವಿತು. ಮೇಜಿನ ಮೇಲಿದ್ದ ಒಡೆದ ತೆಂಗಿನಕಾಯಿಯ ಎರಡು ಹೋಳುಗಳು ಪರಸ್ಪರ ಬಡಿದುಕೊಳ್ಳುತ್ತ ಬಾಗಿಲಿನ ಕಡೆ ಹೊರಟವು. ಕಪಾಟಿನಿಂದ ಮೆಂತ್ಯ, ಕೊತ್ತಂಬರಿ ಮಳೆಯಾಗಿ ಸುರಿಯಿತು. ಇಂಗಿನ ಡಬ್ಬಿ ಬಿದ್ದ ಪರಿಮಳಕ್ಕೆ ಮೂರನೆಯ ಮಹಡಿಯವರೂ ಓಡಿಬಂದರು. "ಭೂಕಂಪ್! ಭೂಕಂಪ್!" ಎಂದು ಯಾರೋ ಕೂಗಿದರು.

ಕಟ್ಟಡದ ಅಸೋಸಿಯೇಷನ್ನಿನ ಸೆಕ್ರೆಟರಿ ಹರಿಶ್ಚಂದ್ರ ಸಾಲ್ಯಾನರು ಆರು ವರ್ಷದ ಹಿಂದೆ ಪಟ್ಟು ಹಿಡಿದು ಒಂದು ಸೈರನ್ ಹಾಕಿಸಿದ್ದರು. ಅದನ್ನು ಒತ್ತುವ ಯೋಗ ಅವರಿಗೆ ಈವರೆಗೆ ಬಂದಿರಲಿಲ್ಲ. ಈಗ ಮನಸಾರೆ ಒತ್ತಿದರು. ಇನ್ನೂರು ಜನ ಗೇಟಿನ ಹೊರಗೆ ರಸ್ತೆಯಲ್ಲಿ ಸೇರಿದರು. ಗಾಬರಿಯಲ್ಲಿ ಮಲ್ಲಿಕಾ ಸ್ವಿಚ್ ಆರಿಸಿ ಕೆಳಗೋಡಿದಳು. ಅವಳ ಹಿಂದೆ ಕೆದ್ಲಾಯರು, ಹಣೆಯ ಮೇಲೆ ಕೊತ್ತಂಬರಿ.

ಫೋನು ಬಡಿದುಕೊಂಡಿತು. ಡೊಂಬಿವಲಿಯ ಮನೆಯಿಂದ ಶ್ರೀಮತಿ. "ಅಲ್ಲಿ ಭೂಕಂಪ ಆಯ್ತಂತೆ, ವಾಟ್ಸಾಪಿನಲ್ಲಿ ಬಂದಿದೆ! ನೀವೆಲ್ಲಿದ್ದೀರಿ?"

"ನಾನು... ಅದರ ಹತ್ತಿರವೇ ಇದ್ದೇನೆ."

"ಎಷ್ಟು ಹತ್ತಿರ?"

"ಮುಟ್ಟುವಷ್ಟು," ಎಂದು ಕೆದ್ಲಾಯರು ಸಣ್ಣ ದನಿಯಲ್ಲಿ ಹೇಳಿದರು.

ಹರಿಶ್ಚಂದ್ರರು ಗುಂಪಿನಲ್ಲಿ ಅವರನ್ನು ಗುರುತಿಸಿ, "ಇಲ್ಲಿ ಎಂಜಿನಿಯರ್ ಉಂಟಲ್ಲ ಮಾರಾಯ್ರೆ, ಹೆದರುದು ಎಂತಕ್ಕೆ! ವಾರಿಜಕ್ಕನ ಭಾವ!" ಎಂದು ಕೈಹಿಡಿದು ಸ್ಟೂಲಿನ ಮೇಲೆ ನಿಲ್ಲಿಸಿದರು. "ಹೇಳಿ ಸಾರ್, ಎಷ್ಟು ರಿಕ್ಟರ್ ಇರಬಹುದು?" ಇನ್ನೂರು ಮುಖಗಳು ಮೇಲೆ ನೋಡಿದವು. ಕೆದ್ಲಾಯರು, "ಮೂರೂವರೆ," ಎಂದುಬಿಟ್ಟರು. ಜನ ನಿಟ್ಟುಸಿರು ಬಿಟ್ಟರು.

ಆದರೆ ಪಿಂಗುಳ್ಕರ್ ತಕ್ಕಡಿಯ ಮನುಷ್ಯ. ಅವರ ಕೈಯಲ್ಲೊಂದು ಚೀಟಿ ಇತ್ತು. ಭೂಕಂಪ ಶುರು ಹನ್ನೊಂದು ಹದಿನಾಲ್ಕಕ್ಕೆ, ಮುಗಿದದ್ದು ಹನ್ನೊಂದು ಹದಿನೈದಕ್ಕೆ. "ತುಮ್ಹೀ ಸ್ವಿಚ್ ಕೇವ್ಹಾ ಬಂದ್ ಕೇಲಾ?" ಎಂದು ಮಲ್ಲಿಕಾಳನ್ನು ಕೇಳಿದರು, ಸ್ವಿಚ್ ಆರಿಸಿದ್ದು ಯಾವಾಗ ಎಂದು. ಪಾಪದ ಹೆಂಗಸು, ಹನ್ನೊಂದು ಹದಿನೈದಕ್ಕೆ ಎಂದಳು. ಇನ್ನೂರು ಮುಖಗಳು ಸ್ಟೂಲಿನಿಂದ ಮೊದಲ ಮಹಡಿಗೆ, ಮೊದಲ ಮಹಡಿಯಿಂದ ಸ್ಟೂಲಿಗೆ ತಿರುಗಿದವು. ಹರಿಶ್ಚಂದ್ರರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಸೋಮವಾರ ಹತ್ತು ಗಂಟೆಗೆ ಬರ್ತೇನೆ ವಾರಿಜಕ್ಕ. ಮೆಷಿನ್ ಅಲುಗಾಡಬಾರ್ದು, ಎಂಜಿನಿಯರ್ ಸಹಿ ಮಾಡಿದ ಸರ್ಟಿಫಿಕೇಟ್ ಇರ್ಬೇಕು. ಇಲ್ಲದಿದ್ರೆ ಸೀಲ್."

ಎಲ್ಲರೂ ಹೋದ ಮೇಲೆ ವಾರಿಜಾ ಬೈಯುತ್ತಾಳೆಂದು ಕೆದ್ಲಾಯರು ತಲೆ ತಗ್ಗಿಸಿ ನಿಂತರು. ಅವಳು ಬೈಯಲಿಲ್ಲ. ಪೊರಕೆ ಹಿಡಿದು ಚೆಲ್ಲಿದ ಕೊತ್ತಂಬರಿ ಗುಡಿಸುತ್ತ, "ಸೋಮವಾರದೊಳಗೆ ಆಗ್ತದಲ್ಲ ಭಾವ?" ಎಂದಷ್ಟೇ ಕೇಳಿದಳು. ಮೂರು ಸಾಲಿಗೆ ಕೇಳುವ ದನಿ ಪಕ್ಕದವರಿಗೂ ಕೇಳಿಸಲಿಲ್ಲ. ಕೆದ್ಲಾಯರಿಗೆ ನಾಚಿಕೆಯಾಯಿತು. ನೆಂಟರ ಮುಂದಿನ ನಾಚಿಕೆಯಲ್ಲ ಅದು, ನಿಜವಾದ ನಾಚಿಕೆ. ಎಂಟು ಹೆಂಗಸರ ಅನ್ನದ ಮೇಲೆ ನಿಂತು ತಾನು ಎಂಜಿನಿಯರ್ ಆಟ ಆಡಿದೆನಲ್ಲ ಎಂದುಕೊಂಡು ತಾವೂ ಒಂದು ಪೊರಕೆ ಎತ್ತಿಕೊಂಡರು.

ಭಾನುವಾರ ಬೆಳಿಗ್ಗೆ ಠಾಣೆಯ ಪಕ್ಕದ ಕಳವೆಯಲ್ಲಿ ಸೈದಪ್ಪನ ಮನೆಯ ಬಾಗಿಲು ಬಡಿದು, ಒಳಗೆ ಕಾಲಿಡುವ ಮೊದಲೇ, "ಆ ಸ್ನೇಹಿತ ನಾನೇ ಸೈದಪ್ಪ," ಎಂದರು.

"ಅದು ಗೊತ್ತೈತಿ ಬರ್ರಿ, ಚಾ ಕುಡೀರಿ," ಎಂದ ಸೈದಪ್ಪ. "ಡಿಸ್ಪ್ಯಾಚಿನ ಸಾಹೇಬ್ರಿಗೆ ಒಮ್ಮೆಲೆ ಜಾಯಿಂಟಿನ ಮ್ಯಾಲೆ ಪ್ರೀತಿ ಬಂದ್ರ ತಿಳಿಯಂಗಿಲ್ಲೇನ್ರಿ?"

ಗಾಳಾದಲ್ಲಿ ಕೆದ್ಲಾಯರು ಅವನನ್ನು ಕಂಪನಿಯ ಫಿಟ್ಟರ್ ಎಂದಷ್ಟೇ ಪರಿಚಯಿಸಿದರು. ಸೈದಪ್ಪ ಬಗ್ಗಿ ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿದ. ಆಮೇಲೆ ಮೆಚ್ಚುಗೆಯಿಂದ ತಲೆದೂಗಿದ. "ಸರಿಯಾಗಿ ತೊಂಬತ್ತು ಡಿಗ್ರಿ ತಪ್ಪೈತ್ರಿ. ಇದಕಿಂತ ಹೆಚ್ಚು ತಪ್ಪು ಮಾಡಾಕ ದೇವರಿಗೂ ಆಗಂಗಿಲ್ಲ." ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಲು ಹೊರಟಾಗ ವಾರಿಜಾ ಅಡ್ಡ ಬಂದಳು. ಸೈದಪ್ಪ, "ತಾಯಿ, ದೇವರು ಬೊಟ್ಟು ನೋಡ್ಯಾನ. ಇನ್ನ ಮೆಷಿನ್ ನೋಡ್ಲಿ," ಎಂದು ಕೈಮುಗಿದು ಒರೆಸಿಯೇಬಿಟ್ಟ. ಕುಂಕುಮ ಹೋಯಿತು, ಪೇಂಟಿನ ಬೊಟ್ಟು ಉಳಿಯಿತು. ಬೊಟ್ಟಿಗೆ ಬೊಟ್ಟು ಸೇರಿಸಿ, ಮೋಟರಿನ ಸ್ಟ್ಯಾಂಡಿನಡಿ ತಗಡಿನ ತುಂಡು ಕೊಟ್ಟು ಎರಡೂ ಕಡೆಯ ಓರೆ ಸಮ ಮಾಡಿದ.

ಸೋಮವಾರ ಹತ್ತಕ್ಕೆ ಸರಿಯಾಗಿ ಹರಿಶ್ಚಂದ್ರರು ಫಾರಂ, ಅರಗು, ಬೆಂಕಿಪೆಟ್ಟಿಗೆಗಳೊಂದಿಗೆ ಬಂದರು. ಕೆದ್ಲಾಯರೂ ಸೈದಪ್ಪನೂ ರಜೆ ಹಾಕಿ ಆಗಲೇ ಬಂದಿದ್ದರು. ಪಿಂಗುಳ್ಕರ್ ತಮ್ಮ ಅತಿ ನಾಜೂಕಿನ ತಕ್ಕಡಿಯನ್ನೇ ಎತ್ತಿಕೊಂಡು ಬಂದು ಕನ್ವೇಯರಿನ ಪಕ್ಕದ ಮೇಜಿನ ಮೇಲಿಟ್ಟರು. ಮುಳ್ಳು ಸೊನ್ನೆಯಲ್ಲಿ ನಿಂತಿತು. ಎಲ್ಲರೂ ಮುಳ್ಳನ್ನೇ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಪಿಂಗುಳ್ಕರ್ ಸಿಡುಕಿದರು. "ಅರೇ, ಚಾಲೂ ಕರಾ ನಾ!"

"ಚಾಲೂ ಆಗಿ ಐದು ನಿಮಿಷ ಆಯ್ತು," ಎಂದಳು ಮಲ್ಲಿಕಾ.

ಪಿಂಗುಳ್ಕರ್ ಬಗ್ಗಿ ನೋಡಿದರು. ಆ ತುದಿಯಲ್ಲಿ ಸಾರಿನ ಪುಡಿ ಸದ್ದಿಲ್ಲದೆ ಡಬ್ಬಿಗೆ ಸುರಿಯುತ್ತಿತ್ತು. ಅವರು ತಕ್ಕಡಿಯ ಮುಳ್ಳನ್ನು ನೋಡಿದರು, ಪುಡಿಯನ್ನು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ವಾರಿಜಾಳ ಕಡೆ ತಿರುಗಿ ಎರಡು ಕಿಲೋ ಪುಡಿಗೆ ಆರ್ಡರ್ ಕೊಟ್ಟರು.

"ಭಾರೀ ಲಾಯ್ಕ್ ಆಯ್ತು ಸಾರ್!" ಹರಿಶ್ಚಂದ್ರರು ಫಾರಂ ಬಿಡಿಸಿ ಪೆನ್ನು ಚಾಚಿದರು. "ಇಲ್ಲಿ ನಿಮ್ಮ ಹೆಸರು, ಇಲ್ಲಿ ಎಂಜಿನಿಯರ್ ಅಂತ, ಇಲ್ಲಿ ಸಹಿ."

ಪೆನ್ನು ಕೆದ್ಲಾಯರ ಕೈಗೆ ಬಂತು. ಒಂದು ಗೀಟು ಎಳೆದರೆ ಎಲ್ಲ ಮುಗಿಯುತ್ತಿತ್ತು. ಬಾಯಲ್ಲಿ ಪಾಯಸವೂ ಇರಲಿಲ್ಲ, ನೆಪ ಹೇಳಲು. ವಾರಿಜಾ ನೋಡುತ್ತಿದ್ದಳು, ಗಂಡನ ಜೊತೆಗೇ ಬಂದಿದ್ದ ಶ್ರೀಮತಿ ಅವಳಿಗಿಂತ ಹೆಚ್ಚು ನೋಡುತ್ತಿದ್ದಳು.

"ನಾನು ಎಂಜಿನಿಯರ್ ಅಲ್ಲ," ಎಂದರು. "ನಾನು ಡಿಸ್ಪ್ಯಾಚು. ಪೆಟ್ಟಿಗೆ ತುಂಬಿಸಿ ಚೀಟಿ ಅಂಟಿಸುವವ. ಜಾಯಿಂಟ್ ಕೂರಿಸಿದ್ದು ಈ ಸೈದಪ್ಪ. ನಾನು ಮಾಡಿದ್ದು ಬುಧವಾರದ್ದೂ ಶನಿವಾರದ್ದೂ ಮಾತ್ರ."

ಹರಿಶ್ಚಂದ್ರರ ಬಾಯಿ ತೆರೆದೇ ಇತ್ತು. "ಮತ್ತೆ ಮೂರೂವರೆ ರಿಕ್ಟರ್?"

"ಅಂದಾಜು," ಎಂದರು ಕೆದ್ಲಾಯರು.

ಹರಿಶ್ಚಂದ್ರರು ಗೋಳಾಡಿಕೊಂಡು ಅಸೋಸಿಯೇಷನ್ನಿನ ನಿಯಮಗಳ ಪುಸ್ತಕ ತೆಗೆದು ಹಾಳೆ ಮಗುಚಿದರು. ಅದರಲ್ಲಿ ಎಂಜಿನಿಯರ್ ಎಂದೇ ಇರಲಿಲ್ಲ, "ಕೆಲಸ ಬಲ್ಲ ವ್ಯಕ್ತಿ" ಎಂದಿತ್ತು. ಸೈದಪ್ಪ ಐಟಿಐ ಫಿಟ್ಟರ್. ಅಂಗಿಗೆ ಕೈ ಒರೆಸಿಕೊಂಡು, ನಾಲಗೆ ಕಚ್ಚಿ, ಸಾವಕಾಶವಾಗಿ ಕನ್ನಡದಲ್ಲಿ ಸಹಿ ಹಾಕಿದ. ಅರಗು, ಬೆಂಕಿಪೆಟ್ಟಿಗೆ ವಾಪಸು ಚೀಲಕ್ಕೆ ಹೋದವು. ಎಂಟು ಹೆಂಗಸರು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ವಾರಿಜಾ ಸೊಂಟಕ್ಕೆ ಕೈಯಿಟ್ಟು ಭಾವನ ಎದುರು ಬಂದು ನಿಂತಳು. ಶ್ರೀಮತಿ ಕಣ್ಣು ಮುಚ್ಚಿಕೊಂಡಳು.

"ಡಿಸ್ಪ್ಯಾಚಾ?" ಎಂದಳು ವಾರಿಜಾ.

"ಹೌದು."

"ಇಪ್ಪತ್ತೆರಡು ವರ್ಷದಿಂದ?"

"ಹೌದು ಮಾರಾಯ್ತಿ, ತಪ್ಪಾಯ್ತು."

"ತಪ್ಪಾ? ಇದನ್ನು ಉಪನಯನದ ದಿನ ಹೇಳ್ಲಿಕ್ಕೆ ನಿಮಗೆಂತ ರೋಗ?" ದನಿ ಈಗ ಮೂರು ಮಹಡಿಗೆ ಕೇಳಿತು. "ನಾಲ್ಕುನೂರು ಕಿಲೋ ಪುಡಿ ನಾಡಿದ್ದು ಹತ್ತೊಂಬತ್ತು ಕಡೆ ಹೋಗ್ಬೇಕು! ಹೋದ ವರ್ಷ ಘೋಡಬಂದರ್ ರಸ್ತೆಯದ್ದು ಕಲ್ಯಾಣಕ್ಕೆ ಹೋಯ್ತು, ಕಲ್ಯಾಣದ್ದು ಎಲ್ಲಿಗೆ ಹೋಯ್ತು ಅಂತ ಈವರೆಗೆ ಗೊತ್ತಿಲ್ಲ. ಅರ್ಧ ಡಬ್ಬಿ ದಾರಿಯಲ್ಲೇ ಒಡೆದು, ಟೆಂಪೋದವ ಇವತ್ತಿಗೂ ನನ್ನ ಕಂಡ್ರೆ ಸೀನ್ತಾನೆ. ನನ್ನದು ಇಡೀ ಕಷ್ಟ ಅದೇ! ನಾನು ಎಂಜಿನಿಯರನ್ನು ಕಟ್ಕೊಂಡು ಎಂತ ಮಾಡ್ಲಿ?"

ಕೆದ್ಲಾಯರು ಗೋಡೆಯ ಬದಿಗೆ ರಾಶಿ ಹಾಕಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ನೋಡಿದರು. ಒಂದನ್ನು ಎತ್ತಿ ತಿರುಗಿಸಿದರು. ತಳ ಒತ್ತಿ ನೋಡಿ, "ಇದರಲ್ಲಿ ಡಬ್ಬಿ ಹೇಗೆ ಇಡ್ತೀರಿ? ಮಲಗಿಸಿಯಾ? ಅಯ್ಯೋ ದೇವರೇ! ನಿಲ್ಲಿಸಿ ಇಡ್ಬೇಕು, ನಡುವೆ ಪೇಪರ್!" ಎಂದರು. ಬೆನ್ನ ಹಿಂದಿನ ಕೈಗಳು ಮುಂದೆ ಬಂದಿದ್ದವು. ತೋಳು ಮಡಚಿದರು. ಕಪ್ಪು ಮಾರ್ಕರ್ ತರಿಸಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತೊಂಬತ್ತು ಚೌಕ ಬರೆದು ಠಾಣೆ, ಐರೋಳಿ, ಕಲ್ಯಾಣ ಎಂದು ಹೆಸರಿಟ್ಟರು. ಕೊನೆಗೆ ಇಳಿಸುವುದನ್ನು ಟೆಂಪೋದಲ್ಲಿ ಮೊದಲು ಏರಿಸಬೇಕು ಎಂಬ ಸತ್ಯವನ್ನು ಎಂಟು ಹೆಂಗಸರಿಗೆ ಬಿಡಿಸಿ ಹೇಳಿದರು. ಹೊರಟು ನಿಂತಿದ್ದ ಹರಿಶ್ಚಂದ್ರರ ಕೈಗೂ ಒಂದು ಕಟ್ಟು ಚೀಟಿ ಕೊಟ್ಟು "ನೇರ ಅಂಟಿಸಿ, ಓರೆ ಬೇಡ," ಎಂದು ಗದರಿದರು. ಸೆಕ್ರೆಟರಿಯವರು ತೆಪ್ಪಗೆ ಕೂತು ಅಂಟಿಸಿದರು. ಸೈದಪ್ಪ ಒಂದು ಮೂಲೆಯಲ್ಲಿ ಚಾ ಕುಡಿಯುತ್ತ, ಕಂಪನಿಯಲ್ಲಿ ದಿನಾ ಕೇಳುವ ಆ ದನಿಯನ್ನು ಕೇಳಿ ನಗುತ್ತಿದ್ದ.

ಮಧ್ಯಾಹ್ನ ವಾರಿಜಾಳ ಫೋನು ಬಡಿಯಿತು. ಉಡುಪಿಯಿಂದ, ಉಪನಯನದ ಪಂಕ್ತಿಯ ಅದೇ ಅಜ್ಜ. ಭೂಕಂಪದ ಸುದ್ದಿ ಕೇಳಿ, ಎಂಜಿನಿಯರ್ ಹೇಗಿದ್ದಾರೆ ಎಂದು ವಿಚಾರಿಸಲು ಮಾಡಿದ್ದು. ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದ ಕೆದ್ಲಾಯರ ಕೈ ನಿಂತಿತು. ಕೆಲಸದ ಹೆಂಗಸರೂ ತಲೆ ಎತ್ತಿದರು.

"ಎಂಜಿನಿಯರಾ?" ವಾರಿಜಾ ಉಡುಪಿಗೆ ಫೋನಿಲ್ಲದೆಯೂ ಕೇಳುವಂತೆ ಕೂಗಿದಳು. "ಯಾರಿಗೆ ಬೇಕು ಅಜ್ಜ, ಎಂಜಿನಿಯರು ಹೊರಗೆ ಬೇಕಾದಷ್ಟು ಸಿಕ್ತಾರೆ! ನಮ್ಮ ಭಾವ ಡಿಸ್ಪ್ಯಾಚು!"

ಕೆದ್ಲಾಯರು ಟೇಪಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, ಪೆಟ್ಟಿಗೆಯ ಮೇಲೆ ಅಂಗೈಯಿಂದ ಒತ್ತಿ ಸವರಿದರು. "ಮುಂದಿನದ್ದು ತನ್ನಿ," ಎಂದರು.